ಪಿಂಟ್ಯಾನ ಗಾಯಕ್ಕೆ ನಾನು ಹಚ್ಚಿದ್ದು

ಮೊದಲು ಬಂದದ್ದು ವಾಸನೆ. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಪಿಂಟ್ಯಾ ಎಂದಿನಂತೆ ಕಾಲಿಗೆ ಮೈ ಉಜ್ಜಲಿಲ್ಲ. ಹಿಟ್ಟಿನ ಡಬ್ಬಿಯ ಹಿಂದೆ ಮುದುಡಿ ಕೂತಿದ್ದ. ಎತ್ತಿಕೊಂಡರೆ ಹಿಂದಿನ ತೊಡೆಯ ಮೇಲೆ ಕೂದಲು ಅಂಟಿ ಗಟ್ಟಿಯಾಗಿತ್ತು. ಬಿಡಿಸಿ ನೋಡಿದೆ.

ಹುಳ ಬಿದ್ದಿದ್ದವು.

ಪಿಂಟ್ಯಾ ನಮ್ಮ ಬೆಕ್ಕು. ಐದು ವರ್ಷದ ಗಂಡು, ಓಣಿಯ ಎಲ್ಲ ಜಗಳಕ್ಕೂ ತಾನೇ ಮುಂದೆ. ನಿಪ್ಪಾಣಿಯ ಆ ಬಾಡಿಗೆ ಮನೆಯಲ್ಲಿ ನಾವು ಮೂವರೇ: ಬಸ್ ಕಂಡಕ್ಟರ್ ಆಗಿ ಊರೂರು ತಿರುಗುವ ಗಂಡ, ಬೀಡಿ ಕಟ್ಟುವ ಅತ್ತೆ, ಕನ್ನಡ ಶಾಲೆಯಲ್ಲಿ ಕಲಿಸುವ ನಾನು. ಮಕ್ಕಳಾಗಿರಲಿಲ್ಲ. ನೆರೆಯವರು ಬೆಕ್ಕನ್ನೇ ನನ್ನ ಮಗ ಅಂತ ಚೇಷ್ಟೆ ಮಾಡುತ್ತಿದ್ದರು. ನಾನೂ ಅಲ್ಲ ಅನ್ನುತ್ತಿರಲಿಲ್ಲ.

ಹಿಂದಿನ ವರ್ಷ ಮುಂಗಾಲು ಬಾತಿದೆಯೆಂದು ಅವನನ್ನು ಸಂತೆಯ ಚೀಲದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಒಯ್ದಿದ್ದೆ. ನಮ್ಮೂರಲ್ಲಿ ಬೆಕ್ಕಿಗೆ ಬೇರೆ ದವಾಖಾನೆ ಎಲ್ಲಿ? ಅಂಗಳದಲ್ಲಿ ಕಂಬಗಳ ನಡುವೆ ಬಿಗಿದಿದ್ದ ಹೋರಿಯೊಂದು ಒಂದೇ ಸಮನೆ ಒದರುತ್ತಿತ್ತು. ಇಬ್ಬರು ಅಮುಕಿ ಹಿಡಿದು ಪಿಂಟ್ಯಾನಿಗೆ ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದವನು ಎರಡು ದಿನ ಅಟ್ಟದಿಂದ ಇಳಿಯಲಿಲ್ಲ. ಅಂದಿನಿಂದ ಸಂತೆಗೆ ಅಂತ ಚೀಲ ಝಾಡಿಸಿದರೂ ನಾಪತ್ತೆಯಾಗುತ್ತಿದ್ದ.

ಗಾಯ ನೋಡಿದ ಅತ್ತೆ ದವಾಖಾನೆಗೆ ಒಯ್ಯಲು ಹೇಳಿದರು. ಅವನು ನಡುಗುವುದನ್ನು ಮತ್ತೆ ನನ್ನಿಂದ ನೋಡಲಾಗದು ಅಂದೆ.

"ಹೆದರಿದ್ರ ಹೆದರ್ಲಿ ಬೇ," ಅಂದರು ಅತ್ತೆ. "ಹೆದರಿಕಿಗಿ ಯಾರೂ ಸಾಯಂಗಿಲ್ಲ."

ನಾನು ಕೇಳಲಿಲ್ಲ. ಭೋಜ ಎಂಬ ಹಳ್ಳಿಯ ನನ್ನ ತವರಿನಲ್ಲಿ ಎಮ್ಮೆಯ ಗಾಯಕ್ಕೆ ಹುಳ ಬಿದ್ದರೆ ಅಪ್ಪ ತಂಬಾಕಿನ ಪುಡಿ ತುಂಬಿ ಬಟ್ಟೆ ಕಟ್ಟುತ್ತಿದ್ದರು. ಮರುದಿನ ಹುಳ ಉದುರಿರುತ್ತಿದ್ದವು. ಹೊಗೆಸೊಪ್ಪು ಬೆಳೆಯುವ ನಮ್ಮ ಕಡೆ ಇದನ್ನು ಯಾರೂ ಔಷಧ ಅಂತ ಕೂಡ ಕರೆಯುವುದಿಲ್ಲ, ಅಷ್ಟು ರೂಢಿ. ಅತ್ತೆಯ ಬೀಡಿ ಮೊರದಲ್ಲಿ ತಂಬಾಕು ಇದ್ದೇ ಇತ್ತು. ಅವರು ಹಿತ್ತಲಿಗೆ ಹೋದಾಗ ಎರಡು ಚಿಟಿಕೆ ತೆಗೆದು ಗಾಯಕ್ಕೆ ತುಂಬಿ, ಹಳೆಯ ಪಾತಳ ಸೀರೆಯ ಚೂರು ಕಟ್ಟಿದೆ. ಪಿಂಟ್ಯಾ ನನ್ನ ಮುಖ ನೋಡುತ್ತ ಸುಮ್ಮನೆ ಕೂತಿದ್ದ. ಉಗುರು ಕೂಡ ಹೊರಗೆ ತೆಗೆಯಲಿಲ್ಲ. ನಾನೇ ಸಂಭಾಳಿಸಿದೆ ಅಂತ ಒಳಗೊಳಗೇ ಹಿಗ್ಗಿದೆ.

ಅರ್ಧ ತಾಸಿನಲ್ಲಿ ಬಟ್ಟೆ ಕಿತ್ತು ಹಾಕಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎದ್ದ. ಹಿಂಗಾಲು ಸೋತವು. ಬಿದ್ದ. ಮೈಯೆಲ್ಲ ನಡುಗುತ್ತಿತ್ತು.

ಯಾವ ನಡುಕ ನೋಡಲಾರೆ ಅಂದಿದ್ದೆನೋ ಅದಕ್ಕಿಂತ ಕೆಟ್ಟ ನಡುಕ.

ಅತ್ತೆ, ನಾನು ರಿಕ್ಷಾದಲ್ಲಿ ಅದೇ ದವಾಖಾನೆಗೆ ಓಡಿದೆವು. ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವ ಮನುಷ್ಯ. ಗಾಯ ತೊಳೆದರು, ಇಂಜೆಕ್ಷನ್ ಕೊಟ್ಟರು, ಸಲೈನ್ ಹಚ್ಚಿದರು. ಆಮೇಲೆ ಗಾಯಕ್ಕೆ ಏನು ಹಚ್ಚಿದ್ದೆ ಅಂತ ಕೇಳಿದರು. ಹೇಳಿದೆ.

"ಎಮ್ಮಿಗಿ ನಡೀತೈತ್ರಿ ಅಕ್ಕೋರ," ಅಂದರು. "ಬೆಕ್ಕು ಗಾಯಾ ನೆಕ್ಕತೈತಿ. ಹಚ್ಚಿದ್ದೆಲ್ಲಾ ಹೊಟ್ಟಿಗಿ ಹೋಗೈತಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀದಾ ಇಲ್ಲಿಗೇ ತಂದಿದ್ದರೆ ಅಂತ ನಾನೇ ಕೆದಕಿ ಕೇಳಿದೆ. ಹುಳ ತೆಗೆದು ಔಷಧದ ಪುಡಿ ಹಾಕಿ ಕಳಿಸುತ್ತಿದ್ದೆ, ಹತ್ತು ನಿಮಿಷದ ಕೆಲಸ ಅಂದರು.

ಆ ದಿನ ಬದುಕಿದ. ಆದರೆ ಅನ್ನ ಮುಟ್ಟಲಿಲ್ಲ. ದಿನಾ ಸಲೈನ್‌ಗೆ ತರಬೇಕು ಅಂದಿದ್ದರು. ದಿನಾ ಮಂಚದಡಿಯಿಂದ ಅವನನ್ನು ಎಳೆಯುತ್ತಿದ್ದೆ, ದಿನಾ ಅವನು ನನ್ನ ಕೈ ಪರಚುತ್ತಿದ್ದ. ಪರಚಿದಷ್ಟೂ ನನಗೆ ಸಮಾಧಾನ, ಇನ್ನೂ ಜೀವ ಗಟ್ಟಿಯಿದೆ ಅಂತ. ಗಂಡ ಅಥಣಿ ಕಡೆಯ ಡ್ಯೂಟಿ ಮುಗಿಸಿ ಬಂದು ಎಲ್ಲ ಕೇಳಿದರು. ಅವನ ತಲೆ ಸವರಿ ಮತ್ತೆ ಡ್ಯೂಟಿಗೆ ಹೋದರು.

ಐದನೆಯ ದಿನ ಪರಚಲಿಲ್ಲ.

ಟೇಬಲ್ಲಿನ ಮೇಲೆ ಇಟ್ಟಂತೆ ಮಲಗಿದ್ದ. ಕಿಡ್ನಿ ಕೆಲಸ ಮಾಡುತ್ತಿಲ್ಲ ಅಂದರು ಡಾಕ್ಟರು. ನಾಳೆ ತರಲೇ ಅಂತ ಕೇಳಿದೆ. ಅವರು ಸಿರಿಂಜು ತೊಳೆಯುತ್ತಲೇ ಇದ್ದರು.

"ಮನ್ಯಾಗ ಇರ್ಲಿ ಬಿಡ್ರಿ."

ಮನೆಗೆ ಬಂದರೆ ಅತ್ತೆ ಮೊರ, ಎಲೆ, ತಂಬಾಕಿನ ಡಬ್ಬಿ ಎಲ್ಲ ಪಕ್ಕದ ಮನೆಯ ಕಟ್ಟೆಗೆ ಸಾಗಿಸಿದ್ದರು. ಇಡೀ ಮನೆ ಒರೆಸಿದ್ದರು. ನಾನು ಹೇಳಿರಲಿಲ್ಲ. ನನ್ನ ಮಾತು ಕೇಳಿದ್ದರೆ ಅಂತ ಒಂದು ಸಲವಾದರೂ ಅನ್ನುವ ಹಕ್ಕು ಅವರಿಗಿತ್ತು. ಅನ್ನಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿದೆ. ಹತ್ತರ ಸುಮಾರಿಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಈ ಕಡೆ ಬಂದಿದ್ದೆ, ನೋಡಿ ಹೋಗೋಣ ಅಂತ ಬಂದೆ ಅಂದರು ಡಾಕ್ಟರು. ಆ ದನಿ ಕೇಳಿದ್ದೇ ತಡ ಪಿಂಟ್ಯಾ ತಲೆ ಎತ್ತಿದ. ಎರಡು ದಿನದಿಂದ ಕಾಲೂರದವನು ಎದ್ದು ನಿಂತ. ಮಂಚದಡಿಗೆ ಹೋಗುತ್ತಾನೆ ಅಂದುಕೊಂಡೆ. ತೆವಳುತ್ತ ನನ್ನ ಮಡಿಲಿಗೆ ಬಂದು ಕಂಕುಳಲ್ಲಿ ಮುಖ ತೂರಿಸಿದ.

ಡಾಕ್ಟರು ಚಪ್ಪಲಿ ಬಿಟ್ಟವರು ಮತ್ತೆ ಮೆಟ್ಟಿಕೊಂಡರು. ಒಳಗೆ ಬರಲಿಲ್ಲ.

ಸ್ಕೂಟರ್ ಸದ್ದು ಓಣಿ ದಾಟಿತು. ಮಧ್ಯಾಹ್ನದ ಹೊತ್ತಿಗೆ ಅವನು ಹೋದ, ಇದ್ದ ಹಾಗೆಯೇ, ನನ್ನ ಕಂಕುಳಲ್ಲಿ.

ಈಗ ಮೂರು ವಾರವಾಯಿತು. ಉಳಿಸಬಲ್ಲವರಿಗೆ ಹೆದರಿದ, ಕೊಂದವಳನ್ನು ನಂಬಿದ. ಇದನ್ನು ಯಾರಿಗೂ ಹೇಳಲಾಗದೆ ಬರೆಯುತ್ತಿದ್ದೇನೆ. ಅವನಿಗೆ ಗೊತ್ತಾಗಲಿಲ್ಲವಲ್ಲ ಎಂಬುದೊಂದೇ ದೇವರು ನನಗೆ ತೋರಿದ ಕರುಣೆ.

ಆ ದಿನ ಹಿತ್ತಲಲ್ಲಿ ಮಣ್ಣು ಮಾಡಿ ಬಂದ ಮೇಲೆ ಅತ್ತೆ ಪಕ್ಕದಲ್ಲಿ ಕೂತು, "ಅಂಜಲಾರದ ಹೋದ ಬೇ, ಅಷ್ಟ ಸಾಕು," ಅಂದರು. ಅವನು ನನಗೇ ಅಂಜಬೇಕಿತ್ತು ಅಂದೆ. ಅತ್ತೆ ನನ್ನ ಬಲಗೈ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ತಂಬಾಕು ಹಚ್ಚಿದ್ದು ಅದೇ ಕೈ ಅಂತ ಅವರಿಗೂ ಗೊತ್ತಿತ್ತು. ಬಿಡಲಿಲ್ಲ.