ತುರಿಚೆ ಕಣಿವೆಯ ದಾರಿ

ಬೇಸಿಗೆ ರಜೆಗೆ ಮದರಾಸಿನಿಂದ ಅಜ್ಜಿಯ ಊರಿಗೆ ಹೋದಾಗಲೆಲ್ಲ ಬೆಟ್ಟ ಹತ್ತಿ, ಮದರಾಸಿನವರು ನನ್ನಾರಿ ಎನ್ನುವ ಸೊಗದೆ ಬೇರು ತರುತ್ತಿದ್ದೆವು. ಒಂದು ಬಳ್ಳಿಯಿಂದ ಬೇರಿನ ಒಂದೇ ಕವಲು ಕೊಯ್ದು ಮತ್ತೆ ಮಣ್ಣು ಮುಚ್ಚಬೇಕು ಎನ್ನುವುದು ಊರಿಗೆಲ್ಲ ನಾಟಿ ಮದ್ದು ಕೊಡುವ ಅಜ್ಜಿಯ ಕಟ್ಟಪ್ಪಣೆ.

ಅಪ್ಪನ ಸ್ನೇಹಿತನೊಬ್ಬ ಮದರಾಸಿನ ಪ್ಯಾರೀಸ್ ಕಾರ್ನರ್ ಪೇಟೆಯಲ್ಲಿ ಗಿಡಮೂಲಿಕೆಯ ಸಗಟು ವ್ಯಾಪಾರಿ. ನುಂಗಂಬಾಕ್ಕಂನ ನಮ್ಮ ಮನೆಯಲ್ಲಿ ಆ ಬೇರಿನ ಶರಬತ್ತು ಕುಡಿದು, ಅಪ್ಪನಿಂದ ಬೆಟ್ಟದ ದಾರಿ ತಿಳಿದುಕೊಂಡ. ಮರುವರ್ಷ ನಾವು ಹೋದರೆ ಬೆಟ್ಟದ ತುಂಬ ಬರೀ ಗುಂಡಿಗಳು. ಪಾಪಿ ಒಂದು ಬಳ್ಳಿಯನ್ನೂ ಉಳಿಸಿರಲಿಲ್ಲ. ನನಗೆ ಮೈ ಉರಿದುಹೋಯಿತು.

ನಾವು ಮದರಾಸಿಗೆ ಮರಳಿದ ಮೇಲೆ ನಾಚಿಕೆಯಿಲ್ಲದೆ ಆತ ಮತ್ತೆ ಮನೆಗೆ ಬಂದ. "ಏನಪ್ಪಾ, ನನ್ನಾರಿ ಬೇರು ಇನ್ನೆಲ್ಲಾದ್ರೂ ಸಿಗತ್ತಾ? ನನ್ಹತ್ರ ಇದ್ದದ್ದೆಲ್ಲ ಖಾಲಿಯಾಯ್ತು."

"ಬೆಟ್ಟದ ಆಚೆ ಕಣಿವೇಲಿ ಬೇಕಾದಷ್ಟಿದೆ ಮಾಮ. ಪೊದೆ ಒಳಗೆ ಕೈ ಹಾಕಿ ಹುಡುಕ್ಬೇಕು," ಎಂದೆ. ಆ ಕಣಿವೆಯಲ್ಲಿ ಇದ್ದದ್ದು ಮುಟ್ಟಿದರೆ ದದ್ದು ಏಳುವ ತುರಿಚೆ ಗಿಡ ಮಾತ್ರ.

ತಾನೇ ಹೋಗಿ ಬಂದವನು ರೈಲಿಳಿದು ನೆಟ್ಟಗೆ ನಮ್ಮ ಮನೆಗೆ ಬಂದ. ಮೈಯೆಲ್ಲ ಕೆರೆದುಕೊಳ್ಳುತ್ತ, "ಅಯ್ಯೋ, ಈ ತುರಿಕೆಗೆ ನಿಮ್ಮಜ್ಜಿ ಏನು ಕೊಡ್ತಾರಪ್ಪಾ?" ಎಂದ.

"ಸೊಗದೆ ಬೇರಿನ ಕಷಾಯ ಮಾಮ," ಎಂದೆ. "ನೀವು ತೋಡಿದ ಗುಂಡೀಲಿ ಏನಾದ್ರೂ ಉಳಿದಿದ್ಯಾ ನೋಡ್ಕೊಂಡ್ಬನ್ನಿ."