ಕೈಗವಸಿನ ಹೆಬ್ಬೆರಳು

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಹೆಬ್ಬೆಟ್ಟು’ ಎಂದು. ಓದುಬರಹ ಬಾರದವನು ಅಂದುಕೊಂಡೀರಿ ಮತ್ತೆ! ದಿನಪತ್ರಿಕೆಯನ್ನು ಜಾಹೀರಾತು ಸಮೇತ ಓದಿ ಮುಗಿಸುವ ಆಸಾಮಿ ಅವನು. ಆ ಹೆಸರು ಬಂದದ್ದು ಕೆಲಸದಿಂದ. ಕತ್ತರಿಸಿದ ಗಾಜಿನ ಅಂಚನ್ನು ಉಜ್ಜಿ ನಯ ಮಾಡಿದ ಮೇಲೆ ಯಾರಾದರೂ ಬೆರಳಾಡಿಸಿ ನೋಡಲೇಬೇಕಲ್ಲ? ಕೂದಲೆಳೆಯಷ್ಟು ತರಿ ಉಳಿದಿದ್ದರೂ ಇವನ ಬಲಗೈ ಹೆಬ್ಬೆರಳು ಹಿಡಿದುಬಿಡುತ್ತಿತ್ತು. ಹದಿನಾರು ವರ್ಷ ಆ ಬೆರಳೇ ಅವನ ಮನೆಗೆ ಅನ್ನ ಹಾಕಿತು. ಅದರ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಇರಬೇಕಾದ್ದೇ.

ಕಾರ್ಖಾನೆಯವರು ದಪ್ಪನೆಯ ಕೈಗವಸು ಕೊಡುತ್ತಿದ್ದರು. ಗವಸಿನೊಳಗೆ ಕೂತ ಬೆರಳಿಗೆ ತರಿ ಗೊತ್ತಾಗುವುದುಂಟೇ? ಅದಕ್ಕೇ ಅಂಚು ನೋಡುವವರೆಲ್ಲ ಗವಸಿನ ಹೆಬ್ಬೆರಳಿನ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ತೊಟ್ಟುಕೊಳ್ಳುತ್ತಿದ್ದರು. ಹೊಸಬ ಸೇರಿದ ದಿನ ಮೇಸ್ತ್ರಿಯೇ ಕತ್ತರಿ ಹಿಡಿದು, “ಬಾರೋ ಇಲ್ಲಿ, ನಿನ್ನ ಬೆರಳಿಗೆ ಕಣ್ಣು ಬಿಡಿಸ್ತೀನಿ” ಎಂದು ಗವಸು ಕತ್ತರಿಸಿ ಕೊಡುವುದು ಅಲ್ಲಿಯ ವಾಡಿಕೆ. ಮ್ಯಾನೇಜರು ಕಂಡೂ ಕಾಣದವರಂತೆ ಹೋಗುತ್ತಿದ್ದರು.

ಐದು ತಿಂಗಳ ಹಿಂದೆ, ಊಟದ ಗಂಟೆ ಹೊಡೆಯುವ ಸ್ವಲ್ಪ ಮುಂಚೆ, ಒರಗಿಸಿಟ್ಟಿದ್ದ ದೊಡ್ಡ ಗಾಜೊಂದು ಜಾರಿತು. ಅವನ ಹೆಬ್ಬೆರಳು ಅದರ ಅಂಚಿನ ಮೇಲೇ ಇತ್ತು. ಹೊಲಿಗೆ ಹಾಕಿದರು, ಗಾಯ ಒಣಗಿತು, ಆದರೆ ಒಳಗಿನ ನರ ತುಂಡಾಗಿತ್ತು. ಈಗ ಬೆರಳು ಬಾಗುತ್ತದೆ, ನೆಟ್ಟಗಾಗುತ್ತದೆ, ಏನನ್ನು ಮುಟ್ಟಿದರೂ ಮುಟ್ಟಿದ್ದು ತಿಳಿಯದು. ಇನ್ನೊಂದು ಆಪರೇಷನ್ ಮಾಡಿ ಒಂದೂವರೆ ವರ್ಷ ಆರೈಕೆ ಮಾಡಿದರೆ “ಸ್ಪರ್ಶ ವಾಪಸ್ ಬಂದರೂ ಬರಬಹುದು” ಎಂದರು ಡಾಕ್ಟರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಕಂಪನಿ ಒಂದು ಕಾಗದ ಕಳಿಸಿತು. ಸಹಿ ಹಾಕಿದರೆ ಪರಿಹಾರದ ಹಣವೆಲ್ಲ ಒಂದೇ ಸಲ ಕೈಗೆ ಬರುತ್ತದೆ. ಅಲ್ಲಿಗೆ ಚುಕ್ತಾ. ಮುಂದೆ ಆ ಬೆರಳಿನ ಆಸ್ಪತ್ರೆ ಖರ್ಚು ಕಂಪನಿಗೆ ಸೇರಿದ್ದಲ್ಲ. ಸಹಿ ಹಾಕದೆ ಕ್ಲೇಮು ನಡೆಸಿ ಗೆದ್ದರೆ ಆಪರೇಷನ್ ಮಾಡಿಸುತ್ತಾರೆ, ವಾಸಿಯಾಗುವ ತನಕ ಅರ್ಧ ಸಂಬಳ ಕೊಡುತ್ತಾರೆ. ಆದರೆ ‘ಕೆಲಸಗಾರ ಬೇಕೆಂದೇ ಗವಸು ಕತ್ತರಿಸಿಕೊಂಡಿದ್ದ’ ಎಂದು ಕಂಪನಿ ಆಗಲೇ ಬರೆದುಕೊಟ್ಟಿತ್ತು. ಹಾಗಲ್ಲ ಎನ್ನಬೇಕಾದರೆ ಕತ್ತರಿ ಯಾರ ಕೈಯಲ್ಲಿತ್ತು ಎಂದು ಪರಿಹಾರ ಅಧಿಕಾರಿಯ ಮುಂದೆ ಬಾಯಿ ಬಿಡಬೇಕು. ಮೇಸ್ತ್ರಿಯ ನಿವೃತ್ತಿಗೆ ಉಳಿದದ್ದು ನಾಲ್ಕೇ ತಿಂಗಳು; ಈಗ ಹೆಸರು ಬಂದರೆ ಅವರ ಕೆಲಸಕ್ಕೇ ಕುತ್ತು.

ವಿಚಾರಣೆಯ ಹಿಂದಿನ ದಿನವೆಲ್ಲ ಅವನು ಎರಡು ಕೋಣೆಯ ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದ. ಮೇಜಿನ ಅಂಚು, ಕಿಟಕಿಯ ಅಂಚು, ತಟ್ಟೆಯ ಅಂಚು, ಎಲ್ಲದಕ್ಕೂ ಹೆಬ್ಬೆರಳು ತಾಗಿಸುವುದು, ಮುಖ ಗಂಟು ಹಾಕಿಕೊಳ್ಳುವುದು, ಮತ್ತೆ ತಿರುಗುವುದು.

“ರೀ, ಒಂದು ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನನಗೇ ತಲೆ ಸುತ್ತುತ್ತಿದೆ” ಎಂದಳು ಹೆಂಡತಿ.

“ಕೂತ್ರೆ ಇನ್ನೂ ಜಾಸ್ತಿ ಯೋಚನೆ ಬರುತ್ತೆ ಕಣೇ.”

“ಸಹಿ ಹಾಕಿಬಿಡಿ ಅಂತೀನಿ. ಫೋಟೋಗೆ ಕಟ್ಟು ಹಾಕೋ ಸಣ್ಣ ಅಂಗಡಿ ಇಡೋಣ. ನಾನೂ ಕೂತ್ಕೋತೀನಿ. ಕಂಪನಿ ಜೊತೆ ಗುದ್ದಾಡಿಕೊಂಡು ವರ್ಷಗಟ್ಟಲೆ ಅಲೆಯೋಕೆ ನಮ್ಮ ಕೈಲಾಗುತ್ತಾ?”

ಅವಳ ಮಾತಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವನಿಗೆ ಸಿಟ್ಟು ಬಂತು. ಮೊನ್ನೆ ಮಗಳ ಅಂಗಾಲಿಗೆ ಮುಳ್ಳು ಚುಚ್ಚಿದಾಗ, ಎಲ್ಲಿದೆ ಎಂದು ಬೆರಳಾಡಿಸಿ ಹುಡುಕುತ್ತಾ ಮುಳ್ಳಿನ ಮೇಲೇ ಒತ್ತಿಬಿಟ್ಟಿದ್ದ. “ಅಪ್ಪಾ, ಅಲ್ಲೇ ಇದೆ, ಒತ್ತಬೇಡ!” ಎಂದು ಮಗು ಚೀರಿತ್ತು. ಅವನಿಗೆ ಮುಳ್ಳೂ ತಿಳಿದಿರಲಿಲ್ಲ, ಕಾಲೂ ತಿಳಿದಿರಲಿಲ್ಲ. ಅವತ್ತಿನಿಂದ ಅವನಿಗೆ ಹೆದರಿಕೆ. ಅದನ್ನು ಹೆಂಡತಿಗೆ ಹೇಳಲು ನಾಚಿಕೆ.

ಸಂಜೆ ಮೇಸ್ತ್ರಿ ಬಂದರು. ಟೀ ಕುಡಿದರು, ಬಸ್ಸು ತಡವಾದದ್ದನ್ನು ಹೇಳಿದರು, ಸೊಂಟನೋವಿನ ಸುದ್ದಿ ಹೇಳಿದರು. ಎದ್ದು ಚಪ್ಪಲಿ ಮೆಟ್ಟುವಾಗ ವಿಷಯಕ್ಕೆ ಬಂದರು. “ಸುಮ್ಮನೆ ಸಹಿ ಹಾಕು ಕಣೋ. ಬೆರಳು ಹಾಗೇ ಅಭ್ಯಾಸ ಆಗಿಹೋಗುತ್ತೆ. ನನಗೋಸ್ಕರ ಅಂತ ಹೇಳ್ತಿಲ್ಲ.”

ನನಗೋಸ್ಕರ ಅಲ್ಲ ಅಂದರೆ ಇನ್ಯಾರಿಗೋಸ್ಕರ, ಹೇಳಿ! ಕೆಲಸ ಕಲಿಸಿದವರು. ಇವನು ಏನು ತಾನೇ ಅಂದಾನು? “ಆಯ್ತು ಮೇಸ್ತ್ರಿ” ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಅಧಿಕಾರಿಯ ಕೋಣೆಯಲ್ಲಿ ಮೇಜಿನ ಆಚೆ ಕಂಪನಿಯ ವಕೀಲ, ಅವನ ಪಕ್ಕ ಕಂಪನಿಯ ಸಾಕ್ಷಿಯಾಗಿ ಮೇಸ್ತ್ರಿ. ಈಚೆ ಇವನು, ಹಿಂದಿನ ಬೆಂಚಿನಲ್ಲಿ ಹೆಂಡತಿ. ಅಧಿಕಾರಿ ಕನ್ನಡಕದ ಹೆಂಗಸು. ಕಾಗದ ಓದಿಸಿ, “ಇದಕ್ಕೆ ಸಹಿ ಹಾಕಿದ ಮೇಲೆ ಬೆರಳಿನ ಚಿಕಿತ್ಸೆ ಕೇಳೋ ಹಾಗಿಲ್ಲ, ಗೊತ್ತಲ್ಲ?” ಎಂದು ಕೇಳಿದರು. ಅವನು ತಲೆಯಾಡಿಸಿ ಪೆನ್ನು ಹಿಡಿದ. ಹಿಡಿದಿದ್ದೇನೆಯೇ ಎಂದು ಕಣ್ಣಿಂದ ನೋಡಿಕೊಳ್ಳಬೇಕಾಯಿತು. ಇನ್ನು ಸಾಯುವ ತನಕ ಹೀಗೇ ನೋಡಿಕೊಳ್ಳಬೇಕು.

ಪೆನ್ನು ಕೆಳಗಿಟ್ಟ. “ಇಲ್ಲ ಮೇಡಂ. ನನಗೆ ಬೆರಳು ಬೇಕು.”

ಹಿಂದೆ ಹೆಂಡತಿ “ಅಯ್ಯೋ!” ಎಂದದ್ದು ಕೇಳಿಸಿತು.

“ಹಾಗಾದರೆ ಹೇಳಿ, ಗವಸು ಕತ್ತರಿಸಿದ್ದು ಯಾರು?” ಎಂದರು ಅಧಿಕಾರಿ.

ಅವನು ಮೇಸ್ತ್ರಿಯ ಮುಖ ನೋಡಿದರೆ ಮಾತು ಹೊರಡದೆಂದು ಮೇಜನ್ನೇ ನೋಡುತ್ತಾ, “ಮೇಸ್ತ್ರಿ ಕತ್ತರಿಸಿ ಕೊಟ್ಟರು. ಎಲ್ಲರಿಗೂ ಅವರೇ ಕೊಡೋದು. ಮ್ಯಾನೇಜರಿಗೂ ಗೊತ್ತು” ಎಂದ. ವಕೀಲ ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಂತರು.

“ಹೌದು. ನಾನೇ ಕತ್ತರಿಸಿದ್ದು.”

ಅಧಿಕಾರಿ ಇಬ್ಬರ ಮಾತನ್ನೂ ಬರೆದುಕೊಂಡು ಮುಂದಿನ ತಾರೀಖು ಕೊಟ್ಟರು.

ಹೊರಗೆ ಮೆಟ್ಟಿಲ ಹತ್ತಿರ ಮೇಸ್ತ್ರಿ ನಿಂತಿದ್ದರು. ಬೈಸಿಕೊಳ್ಳುವುದು ಗ್ಯಾರಂಟಿ ಎಂದುಕೊಂಡು ಇವನು ತಲೆ ತಗ್ಗಿಸಿ ಹೋದ. ಮೇಸ್ತ್ರಿ ತಮ್ಮ ಬಲಗೈ ಹೆಬ್ಬೆರಳನ್ನು ಅವನ ಮುಂದೆ ಚಾಚಿದರು. ಅದರ ಮೇಲೆ ಹಳೆಯ ಗಾಯದ ಬಿಳಿ ಗೆರೆ. ಅದು ಯಾವತ್ತೋ ವಾಸಿಯಾಯಿತೆಂದೇ ಕಾರ್ಖಾನೆಯವರೆಲ್ಲ ತಿಳಿದಿದ್ದರು.

“ಚಿವುಟು” ಎಂದರು.

ಚಿವುಟಿದ. “ಇನ್ನೂ ಜೋರಾಗಿ” ಎಂದರು. ಉಗುರು ಊರಿ ಚಿವುಟಿದ. ಮೇಸ್ತ್ರಿಯ ಮುಖ ಒಂದಿಷ್ಟೂ ಅಲುಗಲಿಲ್ಲ.

“ಹನ್ನೊಂದು ವರ್ಷ ಆಯ್ತು. ಅದಕ್ಕೇ ಅಂಚು ನೋಡೋಕೆ ಎಲ್ಲಾನೂ ನಿನ್ನ ಹತ್ತಿರ ಕಳಿಸ್ತಿದ್ದೆ. ನಾನೂ ಇದೇ ಕಾಗದಕ್ಕೆ ಸಹಿ ಹಾಕಿದ್ದೆ ಕಣೋ. ಆ ದುಡ್ಡು ಯಾತಕ್ಕೆ ಹೋಯ್ತು ಅಂತ ನೆನಪೂ ಇಲ್ಲ.”

“ಮತ್ತೆ ನನಗ್ಯಾಕೆ ಸಹಿ ಹಾಕು ಅಂದ್ರಿ?”

ಮೇಸ್ತ್ರಿಯ ಕಣ್ಣು ತುಂಬಿತ್ತು.

“ನೀನು ಹಾಕ್ಲಿಲ್ಲ ಅಂದ್ರೆ, ನಾನೂ ಹಾಕದೆ ಇರಬಹುದಿತ್ತು ಅಂತ ಆಗುತ್ತಲ್ಲೋ.”