ಹೊರಗಿನವರ ಸಾಕ್ಷಿ

ಪ್ರೀತಿಸುವವರ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಅಂಟಿಕೊಂಡ ಅಭ್ಯಾಸ, ಬಿಡಲು ಆಗಿಲ್ಲ.

ಗೋವೆಯ ಮುರ್ಮುಗಾಂವ್ ಬಂದರಿನ ಹತ್ತಿರ ನಾವು ಬಾಡಿಗೆಗಿರುವ ಮನೆಯ ಒಡತಿ ಫಿಲು ಆಂಟಿ. ಅವ್ವನ ಜೊತೆ ಹರಟಿ ಹರಟಿ ಅವರಿಗೆ ವಿಜಯಪುರದ ಕನ್ನಡ ಬಂದುಬಿಟ್ಟಿದೆ; ನನ್ನನ್ನು ‘ಬಾಯ್’, ಅಂದರೆ ಮಗಳೇ, ಎನ್ನುವುದು ಮಾತ್ರ ಕೊಂಕಣಿಯಲ್ಲೇ. ಭಾನುವಾರ ಅವರು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದು ಚಹಾಕ್ಕೆ ಕೂತರೆ ನಮ್ಮಿಬ್ಬರ ವಾದ ಶುರು.

“ಯೇಸು ಇದ್ದದ್ದು ಬೈಬಲ್‌ನಾಗ ಐತಿ. ಸಾಲದೇನ ಬಾಯ್?”

“ಅದು ಭಕ್ತರು ಬರದದ್ದು, ಆಂಟಿ. ಹೊರಗಿನವರು ಏನಂತಾರ ನೋಡಬೇಕಲ್ರಿ.”

ಹೊರಗಿನವರು ಹೇಳಿದ್ದು ಸ್ವಲ್ಪವೇ. ರೋಮಿನ ಇತಿಹಾಸಕಾರನೊಬ್ಬ ಕ್ರಿಸ್ತನಿಗೆ ಮರಣದಂಡನೆಯಾದದ್ದನ್ನು ತಿರಸ್ಕಾರದಿಂದಲೇ ಹೇಳಿ ಮುಂದೆ ಹೋಗುತ್ತಾನೆ. ಒಬ್ಬ ಪ್ರಾಂತಾಧಿಕಾರಿ, ಈ ಜನ ಬೆಳಕು ಹರಿಯುವ ಮುನ್ನ ಸೇರಿ ಹಾಡುತ್ತಾರೆ, ಇವರನ್ನು ಏನು ಮಾಡಲಿ ಎಂದು ಚಕ್ರವರ್ತಿಯನ್ನು ಕೇಳುತ್ತಾನೆ. ಯೆಹೂದಿ ಇತಿಹಾಸಕಾರನೊಬ್ಬನೂ ಯೇಸುವನ್ನು ನೆನೆಯುತ್ತಾನೆ. ಆದರೆ ಅಲ್ಲಿರುವ ಹೊಗಳಿಕೆಯನ್ನು ಮುಂದೆಂದೋ ನಕಲು ಮಾಡಿದ ಭಕ್ತ ಸೇರಿಸಿದನೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಮೂಲದಲ್ಲಿದ್ದಿರಬಹುದಾದ ಸಾದಾ ಮಾತಿನ ಮೇಲೂ ಅನುಮಾನ ಬರುವಂತೆ ಮಾಡಿದ್ದು ಆ ಪುಣ್ಯಾತ್ಮನ ಪ್ರೀತಿ.

“ಬೈದವರು ಖರೇ, ಪ್ರೀತಿ ಮಾಡಿದವರು ಸುಳ್ಳ? ಭಾಳ ಚಲೋ ಕಲ್ತಿ!” ಎಂದು ಆಂಟಿ ಬಿಸ್ಕಿಟಿನ ತಟ್ಟೆಯನ್ನು ನನ್ನ ಮುಂದಿನಿಂದ ಅವ್ವನ ಕಡೆ ಸರಿಸಿದ್ದರು.

ಆಮೇಲೆ ನಮಗೇ ಸಾಕ್ಷಿ ಬೇಕಾಯಿತು. ಬಂದರಿನಲ್ಲಿ ದಿನಗೂಲಿಯಾಗಿದ್ದ ಅಪ್ಪ ತೀರಿಕೊಂಡ ಮೇಲೆ ಅವ್ವ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ಗೋವೆಯಲ್ಲಿ ಹದಿನೈದು ವರ್ಷ ನೆಲೆಸಿದ್ದಕ್ಕೆ ನಗರಸಭೆಯಲ್ಲಿ ಪುರಾವೆ ಕೇಳಿದರು. ನನ್ನ ಶಾಲೆಯ ಕಾಗದಗಳು ನಾನಿದ್ದುದನ್ನು ಹೇಳುತ್ತವೆ, ಅವ್ವ ಇದ್ದುದನ್ನಲ್ಲ. ಆಂಟಿ ಪತ್ರ ಬರೆದು ಲಕೋಟೆ ಅಂಟಿಸಿ ಕೊಟ್ಟರು. ಬೇರೆಯವರ ಕಾಗದ ಒಡೆಯುವುದು ಸಭ್ಯತೆಯಲ್ಲವೆಂದು ನಾನು ಅವ್ವನ ಜೊತೆ ಹಾಗೇ ಒಯ್ದೆ. ಆಕರವನ್ನೇ ಓದದ ಇತಿಹಾಸದ ವಿದ್ಯಾರ್ಥಿನಿ!

ಅಲ್ಲಿನ ಗುಮಾಸ್ತರು ಓದಿ ನಕ್ಕರು. ಅವ್ವ ಬಂದು ಹತ್ತೊಂಬತ್ತು ವರ್ಷವೆಂದು ಅರ್ಜಿಯಲ್ಲಿತ್ತು, ಪತ್ರದಲ್ಲಿ ಮೂವತ್ತು. ಹದಿನೈದು ಕೇಳಿದವರಿಗೆ ಎರಡರಷ್ಟು ಕೊಟ್ಟರೆ ಒಳ್ಳೆಯದೆಂದು ಆಂಟಿ ತಿಳಿದಿದ್ದರು. ಪತ್ರ ನನ್ನ ಕೈಗೇ ವಾಪಸು ಬಂತು. ಆಮೇಲೆ ಅವರು ಮನೆಯ ನಂಬರು ಹಿಡಿದು ಹಳೆಯ ಫೈಲು ತೆಗೆದರು. ಅದರಲ್ಲಿ ಪಕ್ಕದ ಮನೆಯವನದೊಂದು ದೂರು: ಈ ಮನೆಯ ಬಾಡಿಗೆಯ ‘ಘಾಟಿ’ ಹೆಂಗಸು ತಮ್ಮ ಕಂಪೌಂಡಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತಾಳೆ, ಮನೆಮಂದಿಯೆಲ್ಲ ಕೆಮ್ಮುವಂತಾಗಿದೆ. ಘಟ್ಟದಾಚೆಯಿಂದ ಬಂದವರನ್ನು ಇಲ್ಲಿ ಹಾಗೆನ್ನುತ್ತಾರೆ, ಪ್ರೀತಿಯಿಂದಲ್ಲ. ಕೆಳಗೆ ದೂರು ಯಾರ ಮೇಲೆಂದು ಅವ್ವನ ಹೆಸರು, ಹದಿನೆಂಟು ವರ್ಷ ಹಿಂದಿನ ತಾರೀಖು, ದುಂಡನೆಯ ಮುದ್ರೆ. ಅಷ್ಟು ಸಾಕಾಯಿತು.

“ಆ ಮನಷ್ಯಾ ಅವತ್ತ ಎಷ್ಟ್ ಬೈದಿದ್ದ!” ಎಂದು ಅವ್ವ ಕಣ್ಣೊರೆಸಿಕೊಂಡು ನಕ್ಕಳು. “ಮೆಣಸಿನಕಾಯಿ ಕೈ ಬಿಡಲಿಲ್ಲ ನೋಡು.”

ನನ್ನ ವಾದ ಗೆದ್ದಿತ್ತು. ಗೆದ್ದ ಖುಷಿ ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಆಂಟಿಯ ಪತ್ರವನ್ನು ಮೊದಲ ಸಲ ಓದಿದೆ. ಅಪ್ಪನನ್ನು ಸಂತನನ್ನಾಗಿ ಮಾಡಿದ್ದರು, ಅವನು ಸಂತನಲ್ಲ. ನಡುವೆ ಒಂದು ಸಾಲು: ‘ಗಂಡ ಸತ್ತ ಮೇಲೆ ಒಂಬತ್ತು ದಿನ ಇವಳು ನನ್ನ ಕೈಯಿಂದಲೇ ಉಂಡಳು.’ ಅದು ನಿಜ. ನಾನು ನೋಡಿದ್ದೇನೆ. ಯಾವ ದೂರಿನಲ್ಲೂ ಅದು ಸಿಗುವುದಿಲ್ಲ.

ಅವ್ವನಿಂದ ಎಲ್ಲ ಕೇಳಿದ್ದ ಆಂಟಿ ಭಾನುವಾರ ತಲೆ ಎತ್ತದೆ ಚಹಾ ಸುರಿದರು. “ಸುಳ್ಳ ಪತ್ರ ಹರಿದ ಒಗಿ, ಬಾಯ್.”

“ಇಟ್ಕೋತೀನ್ರಿ ಆಂಟಿ. ಅದರಾಗ ಒಂದು ಸಾಲು ಖರೇ ಐತಿ.”

“ಒಂದ ಸಾಲೇನ?” ಎಂದು ಬಿಸ್ಕಿಟಿನ ತಟ್ಟೆಯನ್ನು ಈ ಸಲ ನನ್ನ ಕಡೆ ಸರಿಸಿದರು.